ಬಾವುಟ ಒಬ್ಬರಿಗೆ, ಗೆಲುವು ಇನ್ನೊಬ್ಬರದು: ಜ್ಯಾಕ್ಸನ್‌ವಿಲ್ ರೇಸ್, 1963

1963ರ ಡಿಸೆಂಬರ್ 1, ಭಾನುವಾರ. ಅಮೆರಿಕದ ಫ್ಲಾರಿಡಾ ರಾಜ್ಯದ ಜ್ಯಾಕ್ಸನ್‌ವಿಲ್‌ನಲ್ಲಿರುವ ಸ್ಪೀಡ್‌ವೇ ಪಾರ್ಕ್ ಎಂಬ ಟ್ರ್ಯಾಕಿನಲ್ಲಿ ನೂರು ಮೈಲಿಯ ಕಾರ್ ರೇಸ್. ಟ್ರ್ಯಾಕು ಮಣ್ಣಿನದು, ಮೊಟ್ಟೆಯಾಕಾರದ್ದು, ಒಂದು ಸುತ್ತಿಗೆ ಅರ್ಧ ಮೈಲಿ. 200 ಸುತ್ತು ಹೊಡೆದರೆ ರೇಸ್ ಮುಗಿಯಿತು. ಗೆದ್ದವರಿಗೆ ಬೀಸುವ ಚೌಕಳಿ ಬಾವುಟ ಬೀಸಿದ್ದು ಬಕ್ ಬೇಕರ್ ಎಂಬ ಚಾಲಕನ ಮುಂದೆ. ಟ್ರೋಫಿ, ಫೋಟೊ, ಚಪ್ಪಾಳೆ ಎಲ್ಲವೂ ಅವರಿಗೇ ಸಂದವು. ಆ ಬಾವುಟ ಏಳುವ ಹೊತ್ತಿಗೆ ವೆಂಡೆಲ್ ಸ್ಕಾಟ್ ಎಂಬ ಇನ್ನೊಬ್ಬ ಚಾಲಕ 202 ಸುತ್ತು ಮುಗಿಸಿಯಾಗಿತ್ತು.

ಸ್ಕಾಟ್ ತಕರಾರು ತೆಗೆದರು. ಲೆಕ್ಕದ ಹಾಳೆಗಳನ್ನು ಮತ್ತೆ ತಿರುವಿ ಹಾಕಿದರು. ಗಂಟೆಗಟ್ಟಲೆ ಕಳೆದ ಮೇಲೆ, ಪ್ರೇಕ್ಷಕರೆಲ್ಲ ಮನೆ ಸೇರಿದ ಮೇಲೆ, ಗೆದ್ದವರು ಸ್ಕಾಟ್ ಎಂದು ಅಧಿಕಾರಿಗಳು ಒಪ್ಪಿಕೊಂಡರು. ಬೇಕರ್ ಅಷ್ಟರಲ್ಲಿ ಟ್ರೋಫಿಯೊಂದಿಗೆ ಹೊರಟುಹೋಗಿದ್ದರು. ಸ್ಕಾಟ್ ಕಪ್ಪುವರ್ಣೀಯರು. ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ಸಂಸ್ಥೆಯಾದ ನ್ಯಾಸ್ಕಾರ್‌ನ ಅತ್ಯುನ್ನತ ದರ್ಜೆಯ ರೇಸನ್ನು ಕಪ್ಪುವರ್ಣೀಯರೊಬ್ಬರು ಗೆದ್ದದ್ದು ಅದೇ ಮೊದಲು.

ಈ ಪ್ರಕರಣವನ್ನು ಹೇಳುವವರಲ್ಲಿ ಎರಡು ಪಂಗಡ. ಲೆಕ್ಕದಲ್ಲಿ ಎಡವಟ್ಟಾಯಿತು, ಆಮೇಲೆ ಸರಿಪಡಿಸಿದರು, ಅದಕ್ಕೆ ಬಣ್ಣ ಕಟ್ಟಬೇಡಿ ಎನ್ನುವವರು ಒಂದು ಕಡೆ. ಬೇಕೆಂದೇ ಕಿತ್ತುಕೊಂಡರು ಎನ್ನುವವರು ಇನ್ನೊಂದು ಕಡೆ. ಎರಡು ಪಂಗಡದವರೂ ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟುತ್ತಾರೆ ಅನ್ನುವುದು ನನ್ನ ಆಕ್ಷೇಪ. ಬಾವುಟ ತಪ್ಪಿದ್ದು ಒಂದು ಸಂಗತಿ, ಟ್ರೋಫಿ ತಪ್ಪಿದ್ದು ಇನ್ನೊಂದು. ಮೊದಲನೆಯದಕ್ಕೆ ಕೊಡುವ ಸಮಜಾಯಿಷಿ ಎರಡನೆಯದಕ್ಕೆ ಸಾಲುವುದಿಲ್ಲ.

ಚಾಲಕ

ವೆಂಡೆಲ್ ಸ್ಕಾಟ್ ಹುಟ್ಟಿದ್ದು 1921ರಲ್ಲಿ, ವರ್ಜೀನಿಯಾ ರಾಜ್ಯದ ದಕ್ಷಿಣ ಅಂಚಿನ ಡ್ಯಾನ್‌ವಿಲ್‌ನಲ್ಲಿ. ಹೊಗೆಸೊಪ್ಪು ಮತ್ತು ಬಟ್ಟೆ ಗಿರಣಿಗಳ ಊರು. ಅಪ್ಪ ಉಳ್ಳವರ ಮನೆಗಳ ಕಾರು ಓಡಿಸುತ್ತ, ರಿಪೇರಿ ಮಾಡುತ್ತ ಇದ್ದವರು. ಮಗನ ಕೈಗೂ ಸ್ಪ್ಯಾನರ್ ಬೇಗ ಬಂತು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವಾಹನ ವಿಭಾಗದ ಮೆಕ್ಯಾನಿಕ್ ಆಗಿ ಯುರೋಪಿಗೆ ಹೋಗಿಬಂದರು. ಊರಿಗೆ ಮರಳಿ ಟ್ಯಾಕ್ಸಿ ಓಡಿಸಿದರು, ಗ್ಯಾರೇಜ್ ಇಟ್ಟರು, ರಾತ್ರಿ ಹೊತ್ತು ಕಳ್ಳಬಟ್ಟಿ ಸಾಗಿಸಿದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸ್ಟಾಕ್ ಕಾರ್ ರೇಸಿಂಗ್ ಬೆಳೆದದ್ದೇ ಈ ದಂಧೆಯ ಗರಡಿಯಲ್ಲಿ. ನೋಡಲು ಮಾಮೂಲಿ ಸಂಸಾರಸ್ಥರ ಕಾರು. ಬಾನೆಟ್ ಕೆಳಗೆ ಪೊಲೀಸರ ಜೀವ ತೆಗೆಯುವ ಎಂಜಿನ್.

1952ರಲ್ಲಿ ಡ್ಯಾನ್‌ವಿಲ್‌ನ ರೇಸ್ ಆಯೋಜಕರಿಗೆ ಟಿಕೆಟ್ ಮಾರಾಟ ಹೆಚ್ಚಿಸಲು ಒಂದು ಉಪಾಯ ಹೊಳೆಯಿತು: ಬಿಳಿಯ ಚಾಲಕರ ನಡುವೆ ಒಬ್ಬ ಕಪ್ಪುವರ್ಣೀಯನನ್ನು ಇಳಿಸುವುದು. ಅಂಥವನನ್ನು ಎಲ್ಲಿ ಹುಡುಕುವುದು? ಪೊಲೀಸರನ್ನೇ ಕೇಳಿದರು. ಪೊಲೀಸರು ಹೇಳಿದ ಹೆಸರು ಸ್ಕಾಟ್‌ರದು. ಬೆನ್ನಟ್ಟಿ ಸುಸ್ತಾದವರೇ ಕೊಟ್ಟ ಶಿಫಾರಸು, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ?

ಮೊದಲ ದಿನ ಪ್ರೇಕ್ಷಕರು ಕೂಗಿ ಅವಮಾನಿಸಿದರು, ಆದರೂ ಸ್ಕಾಟ್ ರೇಸ್ ಬಿಡಲಿಲ್ಲ. ಮುಂದಿನ ವರ್ಷ ನ್ಯಾಸ್ಕಾರ್ ಲೈಸೆನ್ಸ್ ಸಿಕ್ಕಿತು. 1959ರಲ್ಲಿ ವರ್ಜೀನಿಯಾ ರಾಜ್ಯಮಟ್ಟದ ಚಾಂಪಿಯನ್ ಆದರು. 1961ರಲ್ಲಿ ಆಗ ‘ಗ್ರ್ಯಾಂಡ್ ನ್ಯಾಷನಲ್’ ಎನ್ನುತ್ತಿದ್ದ, ಈಗ ಕಪ್ ಸರಣಿ ಎನ್ನುವ ಮೇಲಿನ ದರ್ಜೆಗೆ ಬಂದಾಗ ನಲವತ್ತರ ಹೊಸ್ತಿಲಲ್ಲಿದ್ದರು. ಕಾರ್ ಕಂಪನಿಗಳ ಬೆಂಬಲವಿರಲಿಲ್ಲ. ಹೆಂಡತಿ ಮೇರಿ ಮತ್ತು ಮಕ್ಕಳೇ ತಂಡ. ಬೇರೆ ತಂಡದವರು ಬಿಟ್ಟ ಟಯರು, ಹಳೆಯ ಬಿಡಿಭಾಗಗಳಿಂದಲೇ ಸಂಸಾರ ಸಾಗುತ್ತಿತ್ತು. ಕಾರಿನ ಮೇಲೆ ‘ಮೆಕ್ಯಾನಿಕ್: ನಾನೇ’ ಎಂದು ಬರೆಸಿಕೊಂಡಿದ್ದರು. ತಮಾಷೆಯೂ ಹೌದು, ಇದ್ದ ಸ್ಥಿತಿಯೂ ಅದೇ.

ಜ್ಯಾಕ್ಸನ್‌ವಿಲ್‌ಗೆ ತಂದದ್ದು 34ನೇ ನಂಬರಿನ 1962ರ ಷೆವರ್ಲೆ. ಅದೂ ಸೆಕೆಂಡ್ ಹ್ಯಾಂಡ್, ನೆಡ್ ಜ್ಯಾರೆಟ್ ಎಂಬ ಹೆಸರಾಂತ ಚಾಲಕನಿಂದ ಕೊಂಡದ್ದು.

ಆ ಮಧ್ಯಾಹ್ನ

ನ್ಯಾಸ್ಕಾರ್ ಆಗ ಹೊಸ ಸೀಸನ್ನನ್ನು ಹಿಂದಿನ ವರ್ಷದ ನವೆಂಬರಿನಲ್ಲೇ ಶುರು ಮಾಡುತ್ತಿತ್ತು. ಹಾಗಾಗಿ 1963ರ ಡಿಸೆಂಬರಿನ ಈ ರೇಸ್ ದಾಖಲೆಯಲ್ಲಿ 1964ರ ಸೀಸನ್ನಿಗೆ ಸೇರುತ್ತದೆ. ಕೆಲವು ಬರಹಗಳಲ್ಲಿ ಸ್ಕಾಟ್ ಗೆದ್ದದ್ದು 1964ರಲ್ಲಿ ಎಂದು ಕಂಡರೆ ಗೊಂದಲಪಡಬೇಕಿಲ್ಲ.

ಸ್ಕಾಟ್ 15ನೇ ಸ್ಥಾನದಿಂದ ಹೊರಟರು. ಕಣದಲ್ಲಿ ರಿಚರ್ಡ್ ಪೆಟ್ಟಿ ಇದ್ದರು, ಮುಂದೆ 200 ರೇಸ್ ಗೆದ್ದು ಈ ಆಟದ ದೊರೆ ಎನಿಸಿಕೊಂಡವರು. ಬೇಕರ್ ಇದ್ದರು, 1956 ಮತ್ತು 1957ರ ಚಾಂಪಿಯನ್. ಜ್ಯಾಕ್ ಸ್ಮಿತ್ ಇದ್ದರು. ಮಣ್ಣಿನ ಟ್ರ್ಯಾಕ್ ಸುತ್ತು ಸುತ್ತಿಗೂ ಕಿತ್ತುಹೋಗುತ್ತಿತ್ತು. ಭಾರದ ಕಾರುಗಳು ಒಂದೇ ಗೆರೆಯಲ್ಲಿ ತಿರುವು ತೆಗೆದುಕೊಂಡಂತೆಲ್ಲ ಗಾಲಿಯ ಜಾಡು ಹಳ್ಳವಾಗುತ್ತದೆ. ಆ ಹಳ್ಳಕ್ಕೆ ಬಿದ್ದ ಚಕ್ರ ಏಟನ್ನು ನೇರ ಸ್ಟಿಯರಿಂಗಿಗೆ ದಾಟಿಸುತ್ತದೆ. ಇಂಥ ಕಡೆ ವೇಗಕ್ಕಿಂತ ಕಾರು ಉಳಿಸಿಕೊಳ್ಳುವುದೇ ಹೆಚ್ಚು. ಬಿಡಿಭಾಗಕ್ಕೆ ದುಡ್ಡಿಲ್ಲದೆ ಪ್ರತಿ ವಾರ ಕಾರು ಉಳಿಸಿಕೊಂಡು ಮನೆಗೆ ಬರಲೇಬೇಕಿದ್ದ ಸ್ಕಾಟ್‌ಗೆ ಆ ವಿದ್ಯೆ ಕರಗತವಾಗಿತ್ತು ಎಂದರೆ ಅತಿಶಯವಲ್ಲ.

ಮುಂದಿದ್ದ ಪೆಟ್ಟಿಯ ಕಾರಿನ ಸ್ಟಿಯರಿಂಗ್ ಕೈಕೊಟ್ಟಿತು. ಇನ್ನು 25 ಸುತ್ತು ಬಾಕಿ ಇರುವಾಗ ಸ್ಕಾಟ್ ಪೆಟ್ಟಿಯನ್ನು ದಾಟಿ ಮುಂದಾದರು. ಅಲ್ಲಿಂದಾಚೆ ಅವರನ್ನು ಯಾರೂ ಹಿಂದಿಕ್ಕಲಿಲ್ಲ. 200ನೇ ಸುತ್ತು ಮುಗಿದಾಗ ಬಾವುಟ ಏಳಲಿಲ್ಲ. ಸ್ಕಾಟ್ ಓಡಿಸುತ್ತಲೇ ಇದ್ದರು. 201. 202. ಬೇಕರ್ ತಮ್ಮ 200ನೆಯದನ್ನು ಮುಗಿಸಿದಾಗ ಬಾವುಟ ಬಂತು.

ಲೆಕ್ಕ ಇಡುತ್ತಿದ್ದದ್ದು ಹೇಗೆ

ಇಂದು ಪ್ರತಿ ಕಾರಿನಲ್ಲೂ ಒಂದು ಎಲೆಕ್ಟ್ರಾನಿಕ್ ಸಾಧನವಿರುತ್ತದೆ. ಗೆರೆ ದಾಟಿದ ಕ್ಷಣವನ್ನು ನೆಲದಡಿಯ ತಂತಿ ಹಿಡಿದುಕೊಳ್ಳುತ್ತದೆ. 1963ರಲ್ಲಿ ಅದೆಲ್ಲ ಇರಲಿಲ್ಲ. ಕಾರಿಗೊಬ್ಬರಂತೆ ಲೆಕ್ಕಿಗರು ಕೂರುತ್ತಿದ್ದರು. ಎಷ್ಟೋ ಸಲ ಚಾಲಕನ ಹೆಂಡತಿ, ಅಣ್ಣತಮ್ಮ, ಇಲ್ಲವೇ ಗೆಳೆಯ. ಮುಂದೆ ಒಂದು ಗಡಿಯಾರ, ಕೈಯಲ್ಲಿ ಮನೆಗಳನ್ನು ಹಾಕಿದ ಹಾಳೆ. ತಮ್ಮ ಕಾರು ಗೆರೆ ದಾಟಿದ ಕೂಡಲೇ ಗಡಿಯಾರ ನೋಡಿ ಆ ಹೊತ್ತನ್ನು ಮುಂದಿನ ಮನೆಯಲ್ಲಿ ಬರೆಯಬೇಕು. ಅಧಿಕಾರಿಗಳು ಈ ಹಾಳೆಗಳನ್ನು ಒಟ್ಟುಗೂಡಿಸಿ ಯಾರು ಎಲ್ಲಿದ್ದಾರೆಂದು ನಿರ್ಧರಿಸುತ್ತಿದ್ದರು.

ಕೇಳಲು ಸುಲಭ. ಆದರೆ ಅಂದಿನ ಸರಾಸರಿ ವೇಗ ಗಂಟೆಗೆ 58 ಮೈಲಿ, ಅಂದರೆ ಸುಮಾರು 93 ಕಿ.ಮೀ. ಅರ್ಧ ಮೈಲಿಯ ಒಂದು ಸುತ್ತಿಗೆ 31 ಸೆಕೆಂಡಿನಷ್ಟು. ಕಣದಲ್ಲಿ ಇಪ್ಪತ್ತರ ಆಸುಪಾಸು ಕಾರು ಎಂದಿಟ್ಟುಕೊಂಡರೆ ಒಂದೂವರೆ ಸೆಕೆಂಡಿಗೊಂದು ಕಾರು ಗೆರೆ ದಾಟುತ್ತಿರುತ್ತದೆ. ಅದೂ ಧೂಳಿನಲ್ಲಿ, ನಂಬರ್ ಪ್ಲೇಟು ಮಣ್ಣು ಮೆತ್ತಿಕೊಂಡಾಗ, ಮೂರು ಕಾರು ಒಟ್ಟಿಗೆ ನುಗ್ಗಿ ಬಂದಾಗ. ಒಂದೂಮುಕ್ಕಾಲು ಗಂಟೆ ಹೀಗೇ ಕೂರಬೇಕು. ನಮ್ಮ ಜಿಲ್ಲಾ ಕ್ರೀಡಾಕೂಟಗಳಲ್ಲಿ ಹತ್ತು ಸಾವಿರ ಮೀಟರ್ ಓಟ ನೋಡಿದವರಿಗೆ ಇದರ ಪಾಡು ಗೊತ್ತಿರುತ್ತದೆ: ಮುಂದಿನವನು ಹಿಂದಿನವರನ್ನು ಒಂದು ಸುತ್ತು ಹಿಂದಿಕ್ಕಿದ ಮೇಲೆ ಮೈದಾನದಲ್ಲಿ ಯಾರು ಮುಂದೆ ಯಾರು ಹಿಂದೆ ಎಂದು ಬರಿಗಣ್ಣಿಗೆ ತಿಳಿಯುವುದೇ ಇಲ್ಲ, ಹಾಳೆಯನ್ನೇ ನಂಬಬೇಕು.

ಇನ್ನೊಂದು ತೊಡಕೂ ಇದೆ. ನಾಯಕ ಒಬ್ಬನೇ ಇದ್ದು ಅವನು ಕಣ್ಣಿಗೆ ಕಾಣುವಂತೆ ಓಡುತ್ತಿರುವಷ್ಟು ಕಾಲ ಗೋಪುರದಲ್ಲಿ ಕೂತು ರೇಸ್ ನೋಡುವ ಅಧಿಕಾರಿಗಳಿಗೆ ಚಿಂತೆಯಿಲ್ಲ. ಅವನ ಸುತ್ತು ಎಣಿಸಿದರೆ ರೇಸಿನ ಸುತ್ತು ಸಿಕ್ಕಿತು. ನಾಯಕನ ಕಾರೇ ಕೆಟ್ಟರೆ ಎರಡನೆಯವರು ಯಾರು ಎಂದು ಆ ಕ್ಷಣಕ್ಕೆ ಹಾಳೆಗಳಿಂದ ಹೆಕ್ಕಿ ತೆಗೆಯಬೇಕು. ಪೆಟ್ಟಿಯ ಸ್ಟಿಯರಿಂಗ್ ಕೈಕೊಟ್ಟದ್ದು 13 ನಿಮಿಷದಷ್ಟು ಓಟ ಮಾತ್ರ ಉಳಿದಿದ್ದಾಗ. ಎಡವಟ್ಟಾಗಲು ಅದಕ್ಕಿಂತ ಹದವಾದ ಸಮಯ ಬೇರೆ ಇಲ್ಲ.

ಬಾವುಟದ ತಪ್ಪು ಎಷ್ಟು ದೊಡ್ಡದು

ಸ್ವಲ್ಪ ಕೂಡಿ ಕಳೆದು ನೋಡೋಣ. ಸ್ಕಾಟ್‌ರ ಲೆಕ್ಕದಲ್ಲಿ ಒಂದೇ ಸುತ್ತು ಬಿಟ್ಟುಹೋಗಿದ್ದರೆ, ಅವರು ನಿಜಕ್ಕೂ 201 ಮುಗಿಸಿದಾಗ ಹಾಳೆಯಲ್ಲಿ 200 ಎಂದಿರುತ್ತಿತ್ತು. ಆಗ ಬೇಕರ್ ಇನ್ನೂ 199ರಲ್ಲಿ. ಬಾವುಟ ತಡವಾಗಿಯಾದರೂ ಸ್ಕಾಟ್‌ಗೇ ಬೀಳುತ್ತಿತ್ತು. ಬೇಕರ್‌ಗೆ ಬೀಳಬೇಕಾದರೆ ಕನಿಷ್ಠ ಎರಡು ಸುತ್ತು ಹಾಳೆಯಿಂದಲೋ, ಹಾಳೆ ನೋಡುವವರ ಗಮನದಿಂದಲೋ ಜಾರಿರಬೇಕು. ಒಂದು ಸಲ ಕಣ್ಣು ಮಿಟುಕಿಸಿದ್ದಕ್ಕೆ ಆಗುವ ತಪ್ಪಲ್ಲ ಇದು. ಎರಡು ಸುತ್ತು ಎಂದರೆ ಒಂದು ಮೈಲಿ, ಒಂದು ನಿಮಿಷಕ್ಕೂ ಹೆಚ್ಚಿನ ಅಂತರ.

ಇಷ್ಟರಿಂದ ಮೋಸ ಸಾಬೀತಾಯಿತು ಎನ್ನಲು ನನಗೆ ಧೈರ್ಯವಿಲ್ಲ. ಏಕೆಂದರೆ ಆ ಕಾಲದ ನ್ಯಾಸ್ಕಾರ್‌ನಲ್ಲಿ ಎಣಿಕೆ ಎಡವುವುದು ಹೊಸತೇನೂ ಆಗಿರಲಿಲ್ಲ, ಎಡವಿದಾಗ ಬಿಳಿಯರೂ ಪೆಟ್ಟು ತಿಂದಿದ್ದಾರೆ. 1959ರ ಫೆಬ್ರುವರಿಯಲ್ಲಿ ನಡೆದ ಮೊಟ್ಟಮೊದಲ ಡೇಟೋನಾ 500 ಎಂಬ ಐನೂರು ಮೈಲಿಯ ರೇಸಿನಲ್ಲಿ ಜಾನಿ ಬೋಶಾಂಪ್ ಗೆದ್ದರೆಂದು ಘೋಷಿಸಿ ವಿಜಯವೇದಿಕೆಗೂ ಹತ್ತಿಸಿದ್ದರು. ಮೂರು ದಿನ ಫೋಟೊ, ಸುದ್ದಿಚಿತ್ರಗಳನ್ನು ನೋಡಿದ ಮೇಲೆ ಗೆಲುವು ಲೀ ಪೆಟ್ಟಿಗೆ ಹೋಯಿತು. ಅದೇ ವರ್ಷ ಜೂನಿನಲ್ಲಿ ಅಟ್ಲಾಂಟಾದ ಲೇಕ್‌ವುಡ್ ಟ್ರ್ಯಾಕಿನಲ್ಲಿ ಬಾವುಟ ಬಿದ್ದದ್ದು ಲೀ ಪೆಟ್ಟಿಯ ಮಗ ರಿಚರ್ಡ್‌ಗೆ, ಅವರ ಮೊದಲ ಗೆಲುವು. ತಕರಾರು ತೆಗೆದವರು ಯಾರು? ಸ್ವತಃ ಅಪ್ಪ. ಮರುಎಣಿಕೆಯಲ್ಲಿ ಅಪ್ಪನೇ ಗೆದ್ದರು. (ಆ ರಾತ್ರಿ ಪೆಟ್ಟಿ ಮನೆಯ ಊಟದ ಮೇಜಿನ ಮಾತುಕತೆ ಹೇಗಿದ್ದಿರಬಹುದು!)

ಹಾಗಾಗಿ ಬಾವುಟದ ಮಟ್ಟಿಗೆ ‘ಎಣಿಕೆ ತಪ್ಪಿತು’ ಎಂಬ ಅಧಿಕೃತ ವಿವರಣೆ ಅಸಾಧ್ಯವೇನಲ್ಲ. ಹೋಲಿಕೆಯಲ್ಲಿ ಒಂದು ವ್ಯತ್ಯಾಸವನ್ನಂತೂ ಮರೆಯಬಾರದು: ಡೇಟೋನಾದಲ್ಲಿ ಜಗಳ ಇಂಚುಗಳದ್ದು, ಎರಡು ಕಾರು ಪಕ್ಕಪಕ್ಕದಲ್ಲೇ ಗೆರೆ ದಾಟಿದ್ದವು. ಇಲ್ಲಿ ಒಂದು ಮೈಲಿಯದು.

ಟ್ರೋಫಿ

ಈಗ ಎರಡನೆಯ ಸಂಗತಿಗೆ ಬರೋಣ. ಡೇಟೋನಾದ ತೀರ್ಪು ಬದಲಾದಾಗ ನ್ಯಾಸ್ಕಾರ್ ಸ್ಥಾಪಕ ಬಿಲ್ ಫ್ರಾನ್ಸ್ ಫೋಟೊ ಇದ್ದವರು ಕಳಿಸಿ ಎಂದು ಬಹಿರಂಗವಾಗಿ ಕೇಳಿದರು, ತೀರ್ಪನ್ನೂ ಊರಿಗೆಲ್ಲ ಸಾರಿ ಹೇಳಿದರು. ಮೂರು ದಿನದ ಆ ಗದ್ದಲ ಹೊಸ ಟ್ರ್ಯಾಕಿಗೆ ಪುಕ್ಕಟೆ ಪ್ರಚಾರವೂ ಆಯಿತು. ಜ್ಯಾಕ್ಸನ್‌ವಿಲ್‌ನಲ್ಲಿ ತೀರ್ಪು ಬದಲಾದದ್ದು ಖಾಲಿ ಗ್ಯಾಲರಿಯ ಮುಂದೆ. ಸ್ಕಾಟ್‌ಗೆ ಸಾವಿರ ಡಾಲರ್ ಬಹುಮಾನ ಬಂತು, ದಾಖಲೆ ಪುಸ್ತಕದಲ್ಲಿ ಹೆಸರು ಬಂತು, ಸಮಾರಂಭ ಬರಲಿಲ್ಲ. ಕೆಲವು ವಾರಗಳ ನಂತರ ಅವರ ಕೈಗೆ ಕೊಟ್ಟದ್ದು ಹೆಸರೂ ಕೆತ್ತದ, ಪಾಲಿಶ್ ಕೂಡ ಇಲ್ಲದ ಒಂದು ಸಣ್ಣ ಮರದ ತುಂಡಿನ ಟ್ರೋಫಿ.

ಎಣಿಕೆ ತಪ್ಪಿದ್ದರಿಂದ ಹೀಗಾಯಿತು ಎಂದು ಇದಕ್ಕೆ ಹೇಳಲು ಬರುವುದಿಲ್ಲ. ಎಣಿಕೆ ಆ ಸಂಜೆಯೇ ಸರಿಯಾಗಿತ್ತು. ಬೇಕರ್‌ರಿಂದ ಟ್ರೋಫಿ ತರಿಸಿ ಮುಂದಿನ ರೇಸಿನ ದಿನ ಜನರ ಮುಂದೆ ಸ್ಕಾಟ್‌ಗೆ ಕೊಡಬಹುದಿತ್ತು. ಅದೂ ಆಗದಿದ್ದರೆ ಅಂಥದ್ದೇ ಇನ್ನೊಂದನ್ನು ಮಾಡಿಸಬಹುದಿತ್ತು. ಮೈಕಿನಲ್ಲಿ ಒಂದು ಮಾತು ಹೇಳಲು ಖರ್ಚೇನೂ ಇರಲಿಲ್ಲ.

ಸ್ಕಾಟ್‌ರ ವಿವರಣೆ ನೇರವಾಗಿತ್ತು. ಗೆದ್ದವನಿಗೆ ಟ್ರೋಫಿ ಕೊಡುವಾಗ ಕಿರೀಟ ತೊಟ್ಟ ಸುಂದರಿಯೊಬ್ಬಳು ಮುತ್ತು ಕೊಡುವುದು ಆ ಕಾಲದ ಪದ್ಧತಿ. ಬಿಳಿಯ ಹುಡುಗಿ ಕಪ್ಪು ಮನುಷ್ಯನಿಗೆ ಮುತ್ತು ಕೊಡುವುದನ್ನು ಜನ ನೋಡುವುದು ಅಲ್ಲಿನವರಿಗೆ ಬೇಕಿರಲಿಲ್ಲ ಎಂದೇ ಅವರು ಕೊನೆಯವರೆಗೂ ನಂಬಿದ್ದರು. ಇಂದು ಕೇಳಿದರೆ ಇದೇನು ಕ್ಷುಲ್ಲಕ ಎನಿಸಬಹುದು. ಅಂದಿನ ಕಾನೂನನ್ನು ನೋಡಿದರೆ ಹಾಗೆನಿಸುವುದಿಲ್ಲ. ಕಪ್ಪು-ಬಿಳಿಯ ಜೋಡಿ ರಾತ್ರಿ ಒಂದೇ ಕೋಣೆಯಲ್ಲಿರುವುದು ಫ್ಲಾರಿಡಾದಲ್ಲಿ ಅಪರಾಧವಾಗಿತ್ತು. ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಹೊಡೆದುಹಾಕಿದ್ದು 1964ರ ಡಿಸೆಂಬರಿನಲ್ಲಿ, ಈ ರೇಸ್ ನಡೆದು ಒಂದು ವರ್ಷದ ಮೇಲೆ. ಸ್ಕಾಟ್‌ರ ಸ್ವಂತ ವರ್ಜೀನಿಯಾದಲ್ಲಿ ಅಂತರ್ವರ್ಣೀಯ ಮದುವೆಯೇ ಜೈಲಿನ ಬಾಬತ್ತು. ಅದು ಹೋಗಲು 1967 ಬರಬೇಕಾಯಿತು.

ಊರಿನ ಹವೆಯೂ ಹಾಗೇ ಇತ್ತು. 1960ರ ಆಗಸ್ಟ್ 27ರಂದು ಇದೇ ಜ್ಯಾಕ್ಸನ್‌ವಿಲ್‌ನ ಪೇಟೆಯಲ್ಲಿ, ಹೋಟೆಲ್ ಕೌಂಟರಿನಲ್ಲಿ ಕೂತು ಊಟ ಕೇಳಿದ ಕಪ್ಪು ಯುವಜನರ ಮೇಲೆ ಬಿಳಿಯರ ಗುಂಪು ಕೊಡಲಿ ಕಾವುಗಳೊಂದಿಗೆ ಎರಗಿತ್ತು. 1963ರ ಸೆಪ್ಟೆಂಬರಿನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದಿದ್ದರು. ಕೆನಡಿ ಹತ್ಯೆಯಾಗಿ ಒಂಬತ್ತು ದಿನವಾಗಿತ್ತು. ಗಲಭೆಯಾದೀತೆಂದು ಆಯೋಜಕರು ಹೆದರಿದ್ದರೂ ಹೆದರಿದ್ದಿರಬಹುದು, ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಹೆದರಿಕೆ ಒಂದು ಸಂಜೆಯ ಮಾತು. ಮುಂದಿನ ಐವತ್ತು ವರ್ಷ ಯಾರಿಗೆ ಹೆದರಿದ್ದರು?

ಕಳೆದುಹೋದದ್ದು ಏನು

ಟ್ರೋಫಿಯ ಬಗ್ಗೆ ಇಷ್ಟೊಂದು ಏಕೆ, ದುಡ್ಡು ಸಿಕ್ಕಿತಲ್ಲ ಎಂದು ಕೇಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಪ್ರಕರಣದ ತಿರುಳೇ ಅಲ್ಲಿದೆ. ವಿಜಯವೇದಿಕೆ ಈ ಆಟದಲ್ಲಿ ಶೃಂಗಾರಕ್ಕಿರುವ ಜಾಗವಲ್ಲ. ಕಾರು, ಚಾಲಕ, ಟ್ರೋಫಿ ಮೂರೂ ಒಂದೇ ಚೌಕಟ್ಟಿನಲ್ಲಿರುವ ಫೋಟೊ ಮರುದಿನ ಪತ್ರಿಕೆಗೆ ಹೋಗುತ್ತದೆ. ಆ ಫೋಟೊ ಹಿಡಿದುಕೊಂಡು ಚಾಲಕ ಟಯರ್ ಕಂಪನಿ, ಎಣ್ಣೆ ಕಂಪನಿ, ಕಾರ್ ಕಂಪನಿಯ ಬಾಗಿಲು ತಟ್ಟುತ್ತಾನೆ. ಸ್ಕಾಟ್‌ಗೆ ಆ ಫೋಟೊ ಇಲ್ಲವಾಯಿತು. ಫೋಟೊ ಇದ್ದಿದ್ದರೆ ಪ್ರಾಯೋಜಕರು ಸಾಲುಗಟ್ಟುತ್ತಿದ್ದರು ಎಂದೇನೂ ನಾನು ಹೇಳುತ್ತಿಲ್ಲ, ಬಣ್ಣ ಆಗಲೂ ಅಡ್ಡ ಬರುತ್ತಿತ್ತು. ಕೇಳಲು ಕೈಯಲ್ಲೊಂದು ಆಧಾರವಾದರೂ ಇರುತ್ತಿತ್ತು.

ಆಧಾರವಿಲ್ಲದೆಯೇ ಅವರು ಇನ್ನೂ ಹತ್ತು ವರ್ಷ ಓಡಿಸಿದರು. 1966ರಲ್ಲಿ ವರ್ಷದ ಅಂಕಪಟ್ಟಿಯಲ್ಲಿ ಆರನೆಯವರಾದರು. ಕಾರ್ಖಾನೆಯ ಎಂಜಿನ್, ಕಾರ್ಖಾನೆಯ ಸಂಬಳ ಇದ್ದವರ ನಡುವೆ ಸ್ವಂತ ಗ್ಯಾರೇಜಿನ ಕಾರಿನಲ್ಲಿ ಆರನೆಯ ಸ್ಥಾನ. ನನ್ನನ್ನು ಕೇಳಿದರೆ ಜ್ಯಾಕ್ಸನ್‌ವಿಲ್ ಗೆಲುವಿಗಿಂತ ಅದೇ ದೊಡ್ಡದು. ಒಟ್ಟು 495 ರೇಸ್, 147 ಸಲ ಮೊದಲ ಹತ್ತರೊಳಗೆ, ಗೆಲುವು ಒಂದೇ. 1973ರ ಮೇ ತಿಂಗಳಲ್ಲಿ ಟ್ಯಾಲಡೇಗಾ ಟ್ರ್ಯಾಕಿನ ಭಾರೀ ಸರಣಿ ಅಪಘಾತದಲ್ಲಿ, ಸಾಲ ಮಾಡಿ ತಂದ ಮರ್ಕ್ಯುರಿ ಕಾರು ನಜ್ಜುಗುಜ್ಜಾಯಿತು, ಅವರ ಮೂಳೆಗಳೂ ಮುರಿದವು. ಅದೇ ವರ್ಷ ರೇಸಿಂಗ್ ಬಿಟ್ಟು ಡ್ಯಾನ್‌ವಿಲ್‌ನ ಗ್ಯಾರೇಜಿಗೆ ಮರಳಿದರು. 1990ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ ಮನ್ನಣೆ ಕಂತು ಕಂತಾಗಿ ಬಂತು. 2010ರಲ್ಲಿ ಜ್ಯಾಕ್ಸನ್‌ವಿಲ್‌ನ ಸ್ಟಾಕ್ ಕಾರ್ ರೇಸಿಂಗ್ ಸಂಸ್ಥೆಯೊಂದು ಕುಟುಂಬಕ್ಕೆ ಟ್ರೋಫಿಯ ಪ್ರತಿಕೃತಿ ಕೊಟ್ಟಿತು. 2014ರ ಅಕ್ಟೋಬರಿನಲ್ಲಿ ಬಬ್ಬಾ ವಾಲೆಸ್ ಎಂಬ ಕಪ್ಪುವರ್ಣೀಯ ಯುವ ಚಾಲಕ, ಡ್ಯಾನ್‌ವಿಲ್‌ಗೆ ಹತ್ತಿರದ ಮಾರ್ಟಿನ್ಸ್‌ವಿಲ್ ಎಂಬ ಅರ್ಧ ಮೈಲಿಯ ಟ್ರ್ಯಾಕಿನಲ್ಲಿ, ಸ್ಕಾಟ್‌ರ ಗೌರವಾರ್ಥ 34ನೇ ನಂಬರ್ ಹಾಕಿಕೊಂಡು ಟ್ರಕ್ ಸರಣಿಯ ರೇಸ್ ಗೆದ್ದರು. 2015ರಲ್ಲಿ ಸ್ಕಾಟ್ ನ್ಯಾಸ್ಕಾರ್ ಹಾಲ್ ಆಫ್ ಫೇಮ್ ಸೇರಿದರು. 2021ರ ಆಗಸ್ಟ್ 28ರಂದು, ಸ್ಕಾಟ್ ಬದುಕಿದ್ದರೆ ನೂರು ತುಂಬುವ ಹಿಂದಿನ ದಿನ, ಡೇಟೋನಾದಲ್ಲಿ ಜನರೆದುರು ನ್ಯಾಸ್ಕಾರ್ ಅವರ ಕುಟುಂಬಕ್ಕೆ ಹೊಸದಾಗಿ ಮಾಡಿಸಿದ ಟ್ರೋಫಿ ಕೊಟ್ಟಿತು. ಅದಾದ ಐದು ವಾರಕ್ಕೆ ಟ್ಯಾಲಡೇಗಾದಲ್ಲಿ ಮಳೆಯಿಂದ ಮೊಟಕುಗೊಂಡ ರೇಸನ್ನು ವಾಲೆಸ್ ಗೆದ್ದರು. ಮೇಲಿನ ದರ್ಜೆಯಲ್ಲಿ ಸ್ಕಾಟ್ ನಂತರ ಕಪ್ಪುವರ್ಣೀಯರ ಎರಡನೇ ಗೆಲುವು ಅದು. ವಾಲೆಸ್‌ರ ಟ್ರೋಫಿ ಅಂದೇ ಅವರ ಕೈಗೆ ಬಂತು, ಫೋಟೊ ಸಮೇತ.